ಸರ್ಕಾರ ಕ್ಷಮಿಸಿದ ಮೇಲೂ ಯುದ್ಧಾಪರಾಧದ ಕೇಸ್ ನಡೆಯುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದ್ದೇನೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಒಳಯುದ್ಧದ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡೆ. 1999ರ ಲೋಮೆ ಶಾಂತಿ ಒಪ್ಪಂದದಲ್ಲಿ ಬಂಡುಕೋರರಿಗೆಲ್ಲ ಕ್ಷಮಾದಾನ ಕೊಟ್ಟರು. ಆಮೇಲೆ ಅವರ ನಾಯಕರ ಮೇಲೇ ಕೇಸ್ ಹಾಕಿದರು. ಇದು ಮಾತಿಗೆ ತಪ್ಪಿದ ಹಾಗಲ್ವಾ?

ಉತ್ತರ: ಮಾತು ಕೊಟ್ಟಿದ್ದು ಯಾರು, ಮೊದಲು ಅದನ್ನು ನೋಡಿ. ಅಲ್ಲಿನ ಸರ್ಕಾರ. ಒಪ್ಪಂದದ 9ನೇ ವಿಧಿಯಲ್ಲಿ ಬಂಡುಕೋರ ಪಡೆ ಆರ್‌ಯುಎಫ್‌ನ ನಾಯಕ ಫೋಡೆ ಸಾಂಕೋಗೆ ಸಂಪೂರ್ಣ ಕ್ಷಮೆ ಸಿಕ್ಕಿತು. 1998ರಲ್ಲಿ ದೇಶದ್ರೋಹಕ್ಕೆ ಗಲ್ಲು ಶಿಕ್ಷೆಯಾಗಿದ್ದ ಮನುಷ್ಯನಿಗೆ ಉಪಾಧ್ಯಕ್ಷನ ದರ್ಜೆ, ಅದರ ಮೇಲೆ ವಜ್ರದ ಗಣಿಗಳನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿ ಬೇರೆ! ಊರಿನ ಜನರ ಕೈ ಕಡಿದ ಪಡೆ ಅದು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ವಿಶ್ವಸಂಸ್ಥೆಯ ಪ್ರತಿನಿಧಿ ಫ್ರಾನ್ಸಿಸ್ ಒಕೆಲೊ ಸುಮ್ನೆ ಸಹಿ ಹಾಕಿ ಎದ್ದು ಹೋಗಲಿಲ್ಲ. ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧಗಳಿಗೆ ಈ ಕ್ಷಮಾದಾನ ಅನ್ವಯಿಸುವುದಿಲ್ಲ ಎಂದು ಕೈಬರಹದಲ್ಲೇ ಷರಾ ಬರೆದರು. 2002ರಲ್ಲಿ ವಿಶ್ವಸಂಸ್ಥೆ ಮತ್ತು ಆ ದೇಶ ಸೇರಿ ವಿಶೇಷ ನ್ಯಾಯಾಲಯ ಮಾಡಿಕೊಂಡಾಗ ಅದರ ಕಾನೂನಿನ 10ನೇ ವಿಧಿಯಲ್ಲೂ ಇದೇ ಮಾತು ಬಂತು. ಆರೋಪಿಗಳು ಬಿಡಲಿಲ್ಲ, ಲೋಮೆ ಕ್ಷಮಾದಾನ ತೋರಿಸಿ ತಕರಾರು ತೆಗೆದರು. 2004ರ ಮಾರ್ಚ್‌ನಲ್ಲಿ ಮೇಲ್ಮನವಿ ಪೀಠ ಅದನ್ನು ತಳ್ಳಿಹಾಕಿತು. ಒಂದು ದೇಶ ಕೊಟ್ಟ ಕ್ಷಮೆ ಹೆಚ್ಚೆಂದರೆ ಆ ದೇಶದ ಕೋರ್ಟ್‌ಗಳನ್ನು ಕಟ್ಟಿಹಾಕಬಹುದು, ಅಂತರರಾಷ್ಟ್ರೀಯ ನ್ಯಾಯಾಲಯವನ್ನಲ್ಲ. ಇಂಥ ಅಪರಾಧ ಇಡೀ ಜಗತ್ತಿನ ವಿರುದ್ಧ ನಡೆದದ್ದು, ಅದನ್ನು ಮನ್ನಾ ಮಾಡುವ ಹಕ್ಕು ಒಂದೇ ಸರ್ಕಾರದ ಕೈಯಲ್ಲಿಲ್ಲ.

ಇನ್ನೊಬ್ಬರ ಪ್ರಶ್ನೆ: ಹೀಗಾದರೆ ಮುಂದೆ ಯಾವ ಬಂಡುಕೋರ ತಾನೇ ಬಂದೂಕು ಕೆಳಗಿಡುತ್ತಾನೆ ಮೇಡಂ?

ಉತ್ತರ: ಈ ಭಯ ಸುಳ್ಳಲ್ಲ ಸರ್. ಆದರೆ ಲೋಮೆಯಲ್ಲಿ ಏನಾಯಿತು ನೋಡಿ. ಕ್ಷಮೆ ಕೊಟ್ಟು ವರ್ಷ ತುಂಬುವ ಮೊದಲೇ, 2000ದ ಮೇ ತಿಂಗಳಲ್ಲಿ, ಆರ್‌ಯುಎಫ್ ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡಿತು. ಅಲ್ಲಿನ ಕೈಲಾಹುನ್ ಪಟ್ಟಣದಲ್ಲಿ ನಮ್ಮ ಗೂರ್ಖಾ ಸೈನಿಕರೂ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದರು, ಜುಲೈನಲ್ಲಿ ಆಪರೇಷನ್ ಖುಕ್ರಿ ನಡೆಸಿ ಬಿಡಿಸಿಕೊಂಡು ಬರಬೇಕಾಯಿತು. ಕ್ಷಮೆಯಿಂದ ಯುದ್ಧ ನಿಲ್ಲಲಿಲ್ಲ, ಅಲ್ವಾ?

ಹಾಗಂತ ಕ್ಷಮಾದಾನವೇ ಬೇಡ ಅಂತ ಕಾನೂನು ಹೇಳುವುದಿಲ್ಲ. ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಎರಡನೇ ಹೆಚ್ಚುವರಿ ಪ್ರೋಟೋಕಾಲ್‌ನ 6(5)ನೇ ವಿಧಿ, ಒಳಯುದ್ಧ ಮುಗಿದ ಮೇಲೆ ಆದಷ್ಟು ವಿಶಾಲವಾಗಿ ಕ್ಷಮೆ ಕೊಡಿ ಎಂದೇ ಹೇಳುತ್ತದೆ. ಬರೀ ಬಂದೂಕು ಹಿಡಿದು ಹೋರಾಡಿದವನಿಗೆ ಅದು ಸಲ್ಲಬೇಕು. ವಿಶೇಷ ನ್ಯಾಯಾಲಯ ಸಾವಿರಾರು ಜನರ ಹಿಂದೆ ಬೀಳಲಿಲ್ಲ, ಅತಿ ಹೆಚ್ಚು ಹೊಣೆ ಹೊತ್ತ 13 ಮಂದಿಯ ಮೇಲೆ ಮಾತ್ರ ಆರೋಪ ಹೊರಿಸಿತು. ಸಾಂಕೋ 2003ರಲ್ಲಿ ಬಂಧನದಲ್ಲೇ ಸತ್ತ. ಆಮೇಲೆ ಪಡೆ ನಡೆಸಿದ ಇಸ್ಸಾ ಸೆಸೆಗೆ 52 ವರ್ಷ ಶಿಕ್ಷೆಯಾಯಿತು.

ಮೊದಲು ಕೇಳಿದವರು: ಹಾಗಾದರೆ ಈ ಯುದ್ಧದಲ್ಲಿ ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದರಲ್ಲ, ಆ ಮಕ್ಕಳ ಮೇಲೂ ಕೇಸ್ ಆಯಿತಾ?

ಉತ್ತರ: 15 ತುಂಬಿದವರನ್ನು ವಿಚಾರಿಸಲು ವಿಶೇಷ ನ್ಯಾಯಾಲಯದ ಕಾನೂನಿನಲ್ಲಿ ಅವಕಾಶ ಇತ್ತು. ಆದರೆ ಮಕ್ಕಳ ಮೇಲೆ ಕೇಸ್ ಹಾಕುವುದಿಲ್ಲ ಎಂದು ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಮೊದಲೇ ಹೇಳಿಬಿಟ್ಟರು. 15 ತುಂಬದ ಮಕ್ಕಳನ್ನು ಪಡೆಗೆ ಸೇರಿಸಿದ ದೊಡ್ಡವರಿಗೆ 2007ರಲ್ಲಿ ಶಿಕ್ಷೆಯಾಯಿತು. ಅಂತರರಾಷ್ಟ್ರೀಯ ಮಟ್ಟದ ಕೋರ್ಟ್ ಈ ಅಪರಾಧಕ್ಕೆ ಶಿಕ್ಷೆ ಕೊಟ್ಟಿದ್ದು ಅದೇ ಮೊದಲು.