ಅಮೆರಿಕದ ಹಳೇ ಗಿರಣಿಯವರು ಬೇಸಾಯವನ್ನೂ ಯಾಕೆ ಮಾಡುತ್ತಿದ್ದರು?

ಪ್ರಶ್ನೆ: 19ನೇ ಶತಮಾನದಲ್ಲಿ ಒಹಾಯೊ, ಇಂಡಿಯಾನಾ ಕಡೆ ಹಿಟ್ಟಿನ ಗಿರಣಿ ಇಟ್ಟವರಲ್ಲಿ ಎಷ್ಟೋ ಜನ ಹೊಲವನ್ನೂ ಉಳುತ್ತಿದ್ದರು. ಗಿರಣಿಯ ಸಂಪಾದನೆ ಸಾಲುತ್ತಿರಲಿಲ್ವಾ?

ಉತ್ತರ 1: ಮುಖ್ಯ ಕಾರಣ ನೀರು, ಗಿರಣಿ ಓಡುತ್ತಿದ್ದದ್ದೇ ಹಳ್ಳದ ನೀರು ತಿರುಗಿಸುವ ಚಕ್ರದಿಂದ. ಚಳಿಗಾಲದಲ್ಲಿ ಹಳ್ಳ ಹೆಪ್ಪುಗಟ್ಟಿದರೆ ಅಥವಾ ಬೇಸಿಗೆಯಲ್ಲಿ ನೀರು ಇಳಿದರೆ ಚಕ್ರ ನಿಂತೇಹೋಗುತ್ತಿತ್ತು, ಆಗ ಹೊಲವೇ ಗತಿ. ಕೈಯಲ್ಲಿ ದುಡ್ಡು ಓಡಾಡುವುದೂ ಕಡಿಮೆ. ಬೀಸಿದ ಕೂಲಿಗೆ ಧಾನ್ಯದಲ್ಲೇ ಪಾಲು ತೆಗೆದುಕೊಳ್ಳುತ್ತಿದ್ದರು, ಎಷ್ಟೋ ಕಡೆ 8ರಲ್ಲಿ 1 ಪಾಲು. ಸುಮ್ನೆ ಮನಸ್ಸಿಗೆ ಬಂದಷ್ಟು ತೆಗೆಯುವ ಹಾಗಿರಲಿಲ್ಲ, ಮಿತಿ ಹಾಕುವ ಕಾನೂನು ಇತ್ತು. ತೌಡು ಹಂದಿಗಳಿಗೆ ಮೇವಾಗುತ್ತಿತ್ತು.

ಉತ್ತರ 2: ಕಲ್ಲಿನ ಕೆಲಸ ಮರೆಯಬೇಡಿ. ಬೀಸುಕಲ್ಲು ಸವೆದಾಗ ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಗೀರುಗಳನ್ನು ಮತ್ತೆ ಕುಟ್ಟಿ ಹರಿತ ಮಾಡಬೇಕು. ಕುಟ್ಟುವ ಉಳಿಯಿಂದ ಸಿಡಿದ ಉಕ್ಕಿನ ಚೂರುಗಳು ಕೈಚರ್ಮದೊಳಗೆ ಹೊಕ್ಕು ಕಪ್ಪು ಚುಕ್ಕೆಗಳಾಗಿ ಉಳಿಯುತ್ತಿದ್ದವು. ಇಷ್ಟು ಕಷ್ಟದ ಕಸುಬನ್ನು ನಾವು ಬರೀ ಸುಂದರ ಚಿತ್ರದ ಹಾಗೆ ನೋಡುತ್ತೇವಲ್ಲ, ಅದು ನನಗೆ ಬೇಸರ.

ಉತ್ತರ 3: ಆಮೇಲೆ ಮಿನಿಯಾಪೊಲಿಸ್ ನಗರದ ದೊಡ್ಡ ಹಿಟ್ಟಿನ ಗಿರಣಿಗಳು ಬಂದವು. 1878ರಲ್ಲಿ ಅಲ್ಲಿನ ವಾಶ್‌ಬರ್ನ್ ಗಿರಣಿಯಲ್ಲಿ ಹಿಟ್ಟಿನ ಧೂಳು ಸ್ಫೋಟಿಸಿ 18 ಜನ ಸತ್ತರು. ಮತ್ತೆ ಕಟ್ಟುವಾಗ ಬೀಸುಕಲ್ಲಿನ ಬದಲು ಉಕ್ಕಿನ ರೋಲರ್‌ಗಳು ಬಂದವು. ರೈಲಿನಲ್ಲಿ ಆ ರೋಲರ್‌ಗಳ ಬಿಳಿ ಹಿಟ್ಟು ಹಳ್ಳಿಗಳಿಗೂ ತಲುಪಿದ ಮೇಲೆ ಎಷ್ಟೋ ಸಣ್ಣ ಗಿರಣಿಗಳು ಜಾನುವಾರು ಮೇವು ಬೀಸುವುದಕ್ಕೆ ಇಳಿದವು, ಉಳಿದವು ಮುಚ್ಚಿದವು.