ವರ್ಷದ ನಡುವೆ ಮುಖ್ಯ ಶಿಕ್ಷಕರಿಗೂ ನಲಿ-ಕಲಿ ಶಿಕ್ಷಕಿಗೂ ವರ್ಗಾವಣೆ: ಪೋಷಕರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು?

ಪ್ರಶ್ನೆ (ಸಹ ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು 1ರಿಂದ 7ನೇ ತರಗತಿವರೆಗಿನ ಶಾಲೆ. 1ರಿಂದ 5ರಲ್ಲಿ 98 ಮಕ್ಕಳು, 6-7ರಲ್ಲಿ 44. ಮಂಜೂರಾದ ಹುದ್ದೆ 7. ಈಗ ಮುಖ್ಯ ಶಿಕ್ಷಕರಿಗೂ, ನಲಿ-ಕಲಿಯ (1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕಾರ್ಡುಗಳ ಮೂಲಕ ಕಲಿಯುವ ವಿಧಾನ) ಎರಡು ಘಟಕಗಳಲ್ಲಿ ಒಂದನ್ನು ನೋಡಿಕೊಳ್ಳುತ್ತಿದ್ದ ಮೇಡಂಗೂ ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆ ಆಗಿದೆ. ಆದೇಶ ಕೈಗೆ ಬಂದಿದೆ, ಇಬ್ಬರ ಜಾಗಕ್ಕೂ ಸದ್ಯ ಯಾರೂ ಬರುತ್ತಿಲ್ಲ. ಹಿರಿತನದ ಮೇಲೆ ಮುಖ್ಯ ಶಿಕ್ಷಕರ ಪ್ರಭಾರ ನನಗೆ ಬರುತ್ತದೆ. ನಾನು 6-7ಕ್ಕೆ ಗಣಿತ, ವಿಜ್ಞಾನ ತೆಗೆದುಕೊಳ್ಳುತ್ತೇನೆ. ಒಬ್ಬ ಅತಿಥಿ ಶಿಕ್ಷಕರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಒಪ್ಪುವ ಹಾಗಿದೆ.

ಊರಲ್ಲಿ ಆಗಲೇ "ಶಾಲೆ ಮುಚ್ತಾರಂತೆ" ಅನ್ನುವ ಮಾತು ಎದ್ದಿದೆ. ಪಕ್ಕದೂರಿನ ಖಾಸಗಿ ಶಾಲೆಯ ವ್ಯಾನು ಊರೊಳಗೇ ಬರುತ್ತದೆ, ಕೆಲವರು ಟಿಸಿ ಕೇಳುತ್ತಿದ್ದಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇರುವುದು ಸುಮಾರು ಅರ್ಧದಷ್ಟು ಪೋಷಕರು ಮಾತ್ರ.

ಬದಲಿ ಶಿಕ್ಷಕರು ಖಚಿತವಾದ ಮೇಲೆ ಹೇಳುವುದೋ, ಈಗಲೇ ಹೇಳುವುದೋ? ನಲಿ-ಕಲಿಗೆ ಅತಿಥಿ ಶಿಕ್ಷಕರನ್ನು ಹಾಕಬಹುದೇ? ಇಬ್ಬರೂ ಬಿಡುಗಡೆಯಾಗುವ ಮೊದಲು ಯಾವ ಯಾವ ಕೆಲಸ ಮುಗಿಸಿಕೊಳ್ಳಬೇಕು?

ಉತ್ತರ 1 (ನಿವೃತ್ತ ಮುಖ್ಯ ಶಿಕ್ಷಕರು)

ಮೇಡಂ, ಈಗಲೇ ಹೇಳಿ. ಬದಲಿಯವರು ಯಾರೆಂದು ಗೊತ್ತಾಗುವವರೆಗೆ ಕಾದರೆ, ಅಷ್ಟು ದಿನವೂ ಊರಿಗೆ ಸುದ್ದಿ ಕೊಡುವವರು ಬೇರೆಯವರಾಗಿರುತ್ತಾರೆ. ಪೋಷಕರಿಗೆ ಬೇಕಾದದ್ದು ಸೋಮವಾರ ಬೆಳಿಗ್ಗೆ ತಮ್ಮ ಮಗುವಿನ ತರಗತಿಗೆ ಯಾರು ಹೋಗುತ್ತಾರೆ ಎನ್ನುವುದು. ಹುದ್ದೆ ಯಾವಾಗ ತುಂಬುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಆದರೆ ಸೋಮವಾರದ ವೇಳಾಪಟ್ಟಿ ನಿಮ್ಮ ಕೈಯಲ್ಲಿದೆ. ಅದನ್ನು ಮೊದಲು ಬರೆದು ಮುಗಿಸಿ, ಆಮೇಲೆ ಬಾಯಿ ತೆರೆಯಿರಿ. ವೇಳಾಪಟ್ಟಿ ಇಲ್ಲದೆ ಸಭೆ ಕರೆದರೆ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ, ಅಲ್ಲಿಂದ ಸಭೆ ಜಗಳಕ್ಕೆ ತಿರುಗುತ್ತದೆ.

ಚೀಟಿಯಲ್ಲಿ ಹೀಗೆ ಬರೆಯಬಹುದು:

"ನಮ್ಮ ಶಾಲೆಯ ಮುಖ್ಯ ಶಿಕ್ಷಕರೂ ನಲಿ-ಕಲಿಯ ಒಬ್ಬ ಶಿಕ್ಷಕಿಯೂ ಇಲಾಖೆಯ ವರ್ಗಾವಣೆಯಲ್ಲಿ ಬೇರೆ ಶಾಲೆಗೆ ಹೋಗುತ್ತಿದ್ದಾರೆ. ಶನಿವಾರ ಅವರ ಕೊನೆಯ ದಿನ. ಸೋಮವಾರದಿಂದ ಆ ನಲಿ-ಕಲಿ ಮಕ್ಕಳಿಗೆ ಈಗಿನ 4ನೇ ತರಗತಿಯ ಶಿಕ್ಷಕಿ ಪಾಠ ಮಾಡುತ್ತಾರೆ. ಅತಿಥಿ ಶಿಕ್ಷಕರು ಬರುವವರೆಗೆ 4 ಮತ್ತು 5ನೇ ತರಗತಿ ಒಟ್ಟಿಗೆ ನಡೆಯುತ್ತವೆ. ಶಾಲೆಯ ವೇಳೆ, ಹಾಲು, ಬಿಸಿಯೂಟ ಎಂದಿನಂತೆ ಇರುತ್ತವೆ. ಶಾಲೆ ಮುಚ್ಚುವುದಿಲ್ಲ. ಗುರುವಾರ ಸಂಜೆ 6 ಗಂಟೆಗೆ ಶಾಲೆಯಲ್ಲಿ ಸಭೆ ಇದೆ, ದಯವಿಟ್ಟು ಬನ್ನಿ."

ಇಷ್ಟು ಸಾಕು. ವರ್ಗಾವಣೆ ಯಾಕೆ ಕೇಳಿಕೊಂಡರು, ಮನೆಯ ಕಷ್ಟವೋ, ಆರೋಗ್ಯವೋ, ದಂಪತಿ ಪ್ರಕರಣವೋ, ಇದೊಂದನ್ನೂ ಬರೆಯಬೇಡಿ, ಸಭೆಯಲ್ಲೂ ಹೇಳಬೇಡಿ. ಅದು ಅವರ ಸ್ವಂತ ವಿಷಯ. "ಇನ್ನು ಹದಿನೈದು ದಿನದಲ್ಲಿ ಹೊಸಬರು ಬರುತ್ತಾರೆ" ಎಂಬ ಮಾತೂ ಬೇಡ. ಹದಿನಾರನೇ ದಿನ ಬರದಿದ್ದರೆ ಮುಂದೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. "ಬಿಇಒ ಕಚೇರಿಗೆ ಪತ್ರ ಕೊಟ್ಟಿದ್ದೇವೆ, ಪ್ರತಿ ಶನಿವಾರ ಏನಾಯಿತೆಂದು ಶಾಲೆಯ ಬೋರ್ಡಿನಲ್ಲಿ ಬರೆಯುತ್ತೇವೆ" ಎನ್ನಿ. ಏನೂ ಆಗದ ವಾರದಲ್ಲೂ "ಈ ವಾರ ಬದಲಾವಣೆ ಇಲ್ಲ" ಎಂದು ಬರೆಯಲೇಬೇಕು.

ಬಿಡುಗಡೆಗೆ ಮೊದಲಿನ ಕೆಲಸದಲ್ಲಿ ಹೆಚ್ಚಿನವರು ಮರೆಯುವುದು ಮೊಬೈಲ್ ನಂಬರು. ಮಕ್ಕಳ ದಾಖಲೆಯ ಸ್ಯಾಟ್ಸ್, ಶಾಲೆಯ ಅಂಕಿಅಂಶದ ಯು-ಡೈಸ್ ಲಾಗಿನ್‌ಗಳ ಒಟಿಪಿ ಹಳೆಯ ಮುಖ್ಯ ಶಿಕ್ಷಕರ ಫೋನಿಗೆ ಹೋಗುತ್ತಿದ್ದರೆ ಟಿಸಿ, ದಾಖಲಾತಿ, ಅಂಕ ನಮೂದು ಎಲ್ಲದಕ್ಕೂ ಅವರಿಗೇ ಫೋನ್ ಮಾಡುತ್ತ ಕೂರಬೇಕಾಗುತ್ತದೆ. ಅವರು ಎದುರಿಗೇ ಇರುವಾಗ ನಂಬರು ಬದಲಿಸಿ, ಒಮ್ಮೆ ಲಾಗಿನ್ ಮಾಡಿ ನೋಡಿಕೊಳ್ಳಿ. ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಕೂಡ ಹಾಗೆಯೇ.

ಚಾರ್ಜ್ ಪಟ್ಟಿಯಲ್ಲಿ ದಾಖಲಾತಿ ಪುಸ್ತಕ, ಟಿಸಿ ಪುಸ್ತಕ, ಹಾಜರಿ, ನಗದು ಪುಸ್ತಕ, ಚೆಕ್ ಪುಸ್ತಕ, ನಡಾವಳಿ ಪುಸ್ತಕ, ದಾಸ್ತಾನು ವಹಿ, ಬೀಗದ ಕೈಗಳು, ಗ್ಯಾಸ್ ಪುಸ್ತಕ ಎಲ್ಲವೂ ಬರಬೇಕು. ಟಿಸಿ ಪುಸ್ತಕದಲ್ಲಿ ಉಳಿದ ಹಾಳೆಗಳ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ. ಅಕ್ಕಿಯನ್ನು ವಹಿ ನೋಡಿ ಒಪ್ಪಿಕೊಳ್ಳದೆ ತೂಗಿಸಿ. 1ರಿಂದ 5ಕ್ಕೆ ತಲಾ 100 ಗ್ರಾಂ, 6-7ಕ್ಕೆ 150 ಗ್ರಾಂ ಲೆಕ್ಕದಲ್ಲಿ ಎಲ್ಲ ಮಕ್ಕಳೂ ಬಂದ ದಿನ ನಿಮ್ಮ ಶಾಲೆಗೆ 16.4 ಕೆಜಿ ಬೇಕು. ಹಾಜರಿಗೂ ಖರ್ಚಿಗೂ ತಾಳೆಯಾಗದ ದಿನಗಳಿದ್ದರೆ ಅಲ್ಲೇ ಷರಾ ಬರೆದು ಇಬ್ಬರೂ ಸಹಿ ಮಾಡಿ. ಆಮೇಲೆ ತಪಾಸಣೆ ಬಂದಾಗ ಕೊರತೆ ಪ್ರಭಾರದಲ್ಲಿರುವವರ ತಲೆಗೇ ಬರುತ್ತದೆ.

ಉತ್ತರ 2 (ಪೋಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿ ಅಧ್ಯಕ್ಷರು)

ಮೇಡಂ, ಪೋಷಕರ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ.

ಎಲ್ಲರಿಗಿಂತ ಮೊದಲು ಎಸ್‌ಡಿಎಂಸಿ ಸದಸ್ಯರಿಗೆ ಹೇಳಿ, ಅದೂ ಒಂದೇ ದಿನ ಎಲ್ಲರಿಗೂ. ಅಧ್ಯಕ್ಷರೊಬ್ಬರಿಗೇ ಗೊತ್ತಿದ್ದು ಉಳಿದವರು ಅಂಗಡಿ ಮುಂದೆ ಕೇಳಿಸಿಕೊಂಡರೆ, ನಿಮ್ಮ ಪರವಾಗಿ ನಿಲ್ಲಬೇಕಾದವರೇ ದೂರ ಆಗ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ಹೆಣ್ಣುಮಕ್ಕಳು ಬರೀ ಸಹಿಗೆ ಅಂತ ಅಲ್ಲ, ಒಬ್ಬೊಬ್ಬರಿಗೂ ಒಂದೊಂದು ಕೇರಿ ವಹಿಸಿ. ಸ್ವಸಹಾಯ ಸಂಘದ ಸಭೆಯಲ್ಲಿ ಅವರು ಹೇಳೋ ಮಾತು ವಾಟ್ಸ್ಆ್ಯಪ್‌ಗಿಂತ ಬೇಗ ಮನೆ ಮುಟ್ಟುತ್ತೆ. ಅಡುಗೆಯವರಿಗೂ ಸರಿಯಾದ ವಿಷಯ ಗೊತ್ತಿರಲಿ, ಬಹಳ ತಾಯಂದಿರು ಕೇಳೋದು ಅವರನ್ನೇ. ಚೀಟಿಯ ಪ್ರತಿಗಳನ್ನ ಹಾಲಿನ ಡೇರಿ, ಅಂಗನವಾಡಿ, ಪಂಚಾಯಿತಿ ಕಟ್ಟೆ ಮೂರೂ ಕಡೆ ಅಂಟಿಸಿ. ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಯಾರಾದರೂ ಒಬ್ಬರು ನಿಂತು ಓದಿ ಹೇಳಬೇಕು, ಓದಲು ಬಾರದವರೂ ಇರ್ತಾರೆ. ಫೋನ್ ಇರೋರಿಗೆ ಉದ್ದ ಮೆಸೇಜ್ ಬೇಡ, ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಆ ದಿನ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯೋ ಹಾಗೆ ಇಟ್ಟು, ಸಭೆ ಮುಗಿದ ಮೇಲೆ ತೆರೆಯಿರಿ. ಮೇಡಂಗಳ ಸ್ವಂತ ನಂಬರು ಚೀಟಿಯಲ್ಲಿ ಹಾಕಬೇಡಿ.

ಸಭೆ ಹಗಲು ಹೊತ್ತು ಇಟ್ಟರೆ ಕೂಲಿಗೆ ಹೋಗೋರು ಬರಲ್ಲ. ಸಂಜೆ 6 ಸರಿ, ಸಂತೆ ದಿನ ಬಿಟ್ಟು. ಹೋಗ್ತಿರೋ ಇಬ್ಬರೂ ಸಭೆಯಲ್ಲಿ ಇರಲಿ, ಮುಂದೆ ನೋಡಿಕೊಳ್ಳೋ ಮೇಡಂ ಪಕ್ಕದಲ್ಲೇ ಕೂರಲಿ. ಅವರ ಬಾಯಿಂದಲೇ "ಮಕ್ಕಳನ್ನ ಇವರಿಗೆ ಒಪ್ಪಿಸಿ ಹೋಗ್ತಿದೀನಿ" ಅಂತ ಬಂದರೆ ಅರ್ಧ ಭಯ ಹೋಗುತ್ತೆ. ಬೀಳ್ಕೊಡುಗೆ ಮಾತ್ರ ಆ ದಿನ ಬೇಡ, ಶನಿವಾರಕ್ಕೆ ಇಟ್ಟುಕೊಳ್ಳಿ. ಹಾರ, ಭಾಷಣ ಶುರುವಾದರೆ ಪ್ರಶ್ನೆ ಕೇಳೋಕೆ ಸಮಯ ಇರಲ್ಲ.

ಬಿಇಒ ಅವರಿಗೆ ಕಳಿಸೋ ನಿರ್ಣಯ ಸಭೆಯಲ್ಲೇ ಬರೆದು ಸಹಿ, ಹೆಬ್ಬೆಟ್ಟು ಹಾಕಿಸಿ. "ಶಿಕ್ಷಕರನ್ನು ಕೊಡಿ" ಅಂತಷ್ಟೇ ಬರೆದರೆ ಫೈಲಿನಲ್ಲಿ ಮಲಗುತ್ತೆ. ಮಂಜೂರು 7, ಖಾಲಿ 2, ಯಾವ ದಿನದಿಂದ, ಯಾವ ತರಗತಿ, ಎಷ್ಟು ಮಕ್ಕಳು ಅಂತ ಬರೀಬೇಕು. ಆರ್‌ಟಿಇ 26ನೇ ಸೆಕ್ಷನ್ ಪ್ರಕಾರ ಒಂದು ಶಾಲೆಯಲ್ಲಿ ಖಾಲಿ ಹುದ್ದೆ ಮಂಜೂರಾತಿಯ ಶೇ 10 ಮೀರಬಾರದು, ನಿಮ್ಮಲ್ಲಿ ಶೇ 28 ದಾಟುತ್ತೆ. ಈ ಸಾಲು ಇರಲೇಬೇಕು. ಕೇಳೋದನ್ನೂ ಬಿಡಿಸಿ ಕೇಳಿ: ಅತಿಥಿ ಶಿಕ್ಷಕರು ಬರೋವರೆಗೆ ಕ್ಲಸ್ಟರಿನ ಬೇರೆ ಶಾಲೆಯಿಂದ ವಾರಕ್ಕೆ ಮೂರು ದಿನ ನಿಯೋಜನೆ ಕೊಡಿ ಅಂತ. ಪ್ರತಿ ಕೊಟ್ಟು ಕಚೇರಿ ಮೊಹರಿನ ಸ್ವೀಕೃತಿ ತಗೊಳ್ಳಿ.

ಎಸ್‌ಡಿಎಂಸಿ ಜಂಟಿ ಖಾತೆಗೆ ಸಹಿ ಬದಲಾಗೋ ನಿರ್ಣಯ ಕೂಡ ಅದೇ ಸಭೆಯಲ್ಲಿ ಮಾಡಿ. ಬ್ಯಾಂಕಿಗೆ ನಿರ್ಣಯದ ನಕಲು, ಪ್ರಭಾರ ಆದೇಶ, ಫೋಟೊ, ಆಧಾರ್, ಪ್ಯಾನ್ ಬೇಕಾಗುತ್ತೆ. ಹೊಸ ಸಹಿ ಚಾಲ್ತಿಗೆ ಬರೋಕೆ ದಿನಗಳು ಹಿಡಿಯುತ್ತೆ, ಹಾಗಾಗಿ ಮೊಟ್ಟೆ, ತರಕಾರಿ, ಗ್ಯಾಸ್ ಬಾಕಿಗಳನ್ನ ಹಳೇ ಮುಖ್ಯ ಶಿಕ್ಷಕರ ಸಹಿಯಲ್ಲೇ ತೀರಿಸಿಬಿಡಿ.

ಉತ್ತರ 3 (ನಲಿ-ಕಲಿ ಸಂಪನ್ಮೂಲ ಶಿಕ್ಷಕಿ)

ಅತಿಥಿ ಶಿಕ್ಷಕರನ್ನು ನಲಿ-ಕಲಿಗೆ ಹಾಕಬೇಡಿ. ಅವರ ಶ್ರದ್ಧೆಯ ಪ್ರಶ್ನೆ ಇದಲ್ಲ. ತರಬೇತಿ ಇಲ್ಲದೆ ಕೊಠಡಿಯೊಳಗೆ ಹೋದವರು ಮೊದಲ ವಾರವೇ ಮಾಡುವುದು ಮೂರು ತರಗತಿಗಳನ್ನು ಮೂರು ಸಾಲು ಮಾಡಿ ಕೂರಿಸಿ ಕಪ್ಪುಹಲಗೆಯಿಂದ ಪಾಠ ಮಾಡುವುದು. ಆಗ ಮೈಲಿಗಲ್ಲಿನಲ್ಲಿ (ಕಲಿಕೆಯ ಹಂತದಲ್ಲಿ) ಮುಂದಿದ್ದ ಮಗು ಹಿಂದಕ್ಕೆ ಬರುತ್ತದೆ, ಹಿಂದಿದ್ದ ಮಗು ಲೆಕ್ಕಕ್ಕೇ ಸಿಗುವುದಿಲ್ಲ. ಹೊಸ ಕಾಯಂ ಶಿಕ್ಷಕರು ಬಂದ ದಿನ ಅತಿಥಿ ಶಿಕ್ಷಕರನ್ನು ಬಿಡುಗಡೆ ಮಾಡಬೇಕಾಗುತ್ತದೆ ಬೇರೆ. ಅಂದರೆ ಪುಟ್ಟ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರನೇ ಮುಖ. ನಲಿ-ಕಲಿ ತರಬೇತಿ ಆಗಿರುವವರು 4 ಅಥವಾ 5ನೇ ತರಗತಿಯಲ್ಲಿದ್ದರೆ ಅವರನ್ನು ಇಲ್ಲಿಗೆ ತನ್ನಿ, ಅತಿಥಿ ಶಿಕ್ಷಕರಿಗೆ 4ನೇ ತರಗತಿ ಕೊಡಿ. ಎರಡೂ ಘಟಕ ಸೇರಿಸಿ ಒಬ್ಬರಿಗೇ ಒಪ್ಪಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅಷ್ಟು ಮಕ್ಕಳಿದ್ದರೆ ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲಿ (ಶಿಕ್ಷಕರೇ ಜೊತೆಗೆ ಕೂತು ಕಲಿಸುವ ಗುಂಪಿನಲ್ಲಿ) ಜಾಗವೇ ಸಾಲುವುದಿಲ್ಲ.

ಹಸ್ತಾಂತರಕ್ಕೆ ಕನಿಷ್ಠ ಮೂರು ದಿನ ಇಬ್ಬರೂ ಒಂದೇ ಕೊಠಡಿಯಲ್ಲಿರಬೇಕು. ಮೊದಲ ದಿನ ಹೊಸಬರು ನೋಡಲಿ. ಎರಡನೇ ದಿನ ಹಳಬರು ಪೂರ್ಣ ಬೆಂಬಲದ ತಟ್ಟೆಯಲ್ಲಿ ಕೂರಲಿ, ಹೊಸಬರು ಸಹಪಾಠಿ ಬೆಂಬಲದ ತಟ್ಟೆಗಳನ್ನೂ ಸ್ವಕಲಿಕೆಯ ತಟ್ಟೆಯನ್ನೂ ನೋಡಿಕೊಳ್ಳಲಿ. ಮೂರನೇ ದಿನ ಅದಲುಬದಲು. ಈ ಮೂರು ದಿನ 4 ಮತ್ತು 5 ಒಟ್ಟಿಗೆ ಕೂರಲಿ, ಮುಂದೆ ನಡೆಯಬೇಕಾದ ವ್ಯವಸ್ಥೆಗೆ ಅದೂ ಅಭ್ಯಾಸವಾಗುತ್ತದೆ.

ಪ್ರಗತಿ ನೋಟವನ್ನು (ಪ್ರತಿ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಗುರುತು ಮಾಡುವ ಪಟ್ಟಿ) ಮಾತ್ರ ನಂಬಿ ಒಪ್ಪಿಕೊಳ್ಳಬೇಡಿ. ಹೋಗುವ ಗಡಿಬಿಡಿಯಲ್ಲಿ ಅದನ್ನು ಒಟ್ಟಿಗೆ ತುಂಬಿರುವ ಸಾಧ್ಯತೆ ಇರುತ್ತದೆ. ಪ್ರತಿ ಮಗುವಿಗೂ ಅದು ಮುಗಿಸಿದೆ ಎಂದಿರುವ ಕೊನೆಯ ಮೈಲಿಗಲ್ಲಿನ ಒಂದು ಕಾರ್ಡ್ ಕೊಟ್ಟು ಓದಿಸಿ, ಒಂದು ಲೆಕ್ಕ ಮಾಡಿಸಿ. ಮಗುವಿಗೆ ಐದು ನಿಮಿಷ ಸಾಕು. ತಾಳೆಯಾಗದಿದ್ದರೆ ಪೆನ್ಸಿಲಿನಲ್ಲಿ ಸರಿಯಾದ ಮೆಟ್ಟಿಲು ಗುರುತು ಮಾಡಿಕೊಳ್ಳಿ. ಕಾರ್ಡುಗಳನ್ನು ಲೋಗೊ (ಕಾರ್ಡಿನ ಮೇಲಿನ ಚಿತ್ರದ ಗುರುತು) ಪ್ರಕಾರ ಟ್ರೇಗಳಲ್ಲಿ ಜೋಡಿಸಿ, ಇಲ್ಲದ ಕಾರ್ಡುಗಳ ಪಟ್ಟಿ ಬರೆಸಿ. ಒಂದು ಕಾರ್ಡ್ ಇಲ್ಲದಿದ್ದರೆ ಆ ಮೆಟ್ಟಿಲಿಗೆ ಬಂದ ಮಕ್ಕಳೆಲ್ಲ ಅಲ್ಲೇ ನಿಲ್ಲುತ್ತಾರೆ, ಕಾರಣ ಹೊಸ ಶಿಕ್ಷಕರಿಗೆ ವಾರಗಟ್ಟಲೆ ಹೊಳೆಯುವುದಿಲ್ಲ.

ಕಾಗದದಲ್ಲಿ ಸಿಗದ ಸಂಗತಿಗಳನ್ನು ಪ್ರತಿ ಮಗುವಿಗೆ ಒಂದು ಸಾಲಿನಂತೆ ಹೋಗುವ ಮೇಡಂ ಕೈಯಲ್ಲೇ ಬರೆಸಿಕೊಳ್ಳಿ: ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ, ಯಾರಿಗೆ ಕಿವಿ ಮಂದ, ಯಾರಿಗೆ ಮೂರ್ಛೆ ರೋಗದ ಮಾತ್ರೆ, ಯಾರನ್ನು ಅಜ್ಜಿಯೇ ಕರೆದುಕೊಂಡು ಹೋಗಬೇಕು. ಈ ಹಾಳೆ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ, ಫೋಟೊ ತೆಗೆದು ಯಾವ ಗ್ರೂಪಿಗೂ ಹಾಕಬೇಡಿ.

ಮಕ್ಕಳಿಗೆ ಶುಕ್ರವಾರವೇ ಹೇಳಿ, ಅವರ ಮೇಡಂ ಬಾಯಿಂದಲೇ. "ನೀವು ಗಲಾಟೆ ಮಾಡಿದ್ದಕ್ಕೆ ಹೋಗ್ತಿದಾರೆ" ಎಂದು ತಮಾಷೆಗೂ ಯಾರೂ ಹೇಳಬಾರದು, ಆರು ವರ್ಷದ ಮಗು ಅದನ್ನು ನಂಬುತ್ತದೆ. ಕೊಠಡಿಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ತೂಗುಹಾಕಿದ ಮಕ್ಕಳ ಚಿತ್ರಗಳು, ಗೋಡೆ ಹಲಗೆಯಲ್ಲಿ ಅವರವರ ಜಾಗ, ಬೆಳಗಿನ ಹಾಡು, ಹವಾಮಾನ ನಕ್ಷೆ ತುಂಬುವ ಸರದಿ, ಇವನ್ನು ಹೊಸಬರು ಒಂದು ತಿಂಗಳು ಮುಟ್ಟದಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನಮ್ಮ 4ನೇ ತರಗತಿ ಮೇಡಂಗೆ ನಲಿ-ಕಲಿ ತರಬೇತಿ ಆಗಿದೆ, ಹಾಗೇ ಮಾಡುತ್ತೇವೆ. ಎರಡು ವಿಷಯ ಉಳಿದವು. ಟಿಸಿ ಕೇಳಿದವರಿಗೆ ವರ್ಷದ ಕೊನೆವರೆಗೆ ಕಾಯಿರಿ ಎಂದು ನಿಲ್ಲಿಸಬಹುದೇ? ಪ್ರಭಾರದ ಮೀಟಿಂಗ್‌ಗಳಿಗೆ ಹೋದರೆ ನನ್ನ 6-7ರ ಗಣಿತದ ಗತಿ?

ಉತ್ತರ 1ರವರಿಂದ

ನಿಲ್ಲಿಸಬೇಡಿ. ಸರ್ಕಾರಿ, ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಕೂಡಲೇ ಟಿಸಿ ಕೊಡಬೇಕೆಂದು ಆರ್‌ಟಿಇ 5ನೇ ಸೆಕ್ಷನ್ ಹೇಳುತ್ತದೆ, ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ಖಾಸಗಿಗೆ ಹೋಗುವವರಿಗೂ ಅದೇ ಪದ್ಧತಿ ಇಟ್ಟುಕೊಳ್ಳಿ. ಟಿಸಿ ಹಿಡಿದಿಟ್ಟ ಸುದ್ದಿ ಹಬ್ಬಿದರೆ ಸುಮ್ಮನಿದ್ದವರೂ ಕೇಳಲು ಬರುತ್ತಾರೆ. ಅರ್ಜಿ ತೆಗೆದುಕೊಳ್ಳುವ ಮುಂಚೆ ಹತ್ತು ನಿಮಿಷ ಕೂರಿಸಿ, ಮಗುವಿನ ಪ್ರಗತಿ ನೋಟ ತೋರಿಸಿ, ಹೊಸ ಮೇಡಂ ಜೊತೆ ಮಾತಾಡಿಸಿ. ನಲಿ-ಕಲಿಯ ಎರಡನೇ ತರಗತಿಯ ಮಗು ವರ್ಷದ ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಎಷ್ಟು ಪುಸ್ತಕ ಹಿಂದೆ ಬೀಳುತ್ತದೆಂದು ಅಲ್ಲಿನ ಪುಸ್ತಕ ತೋರಿಸಿಯೇ ಹೇಳಿ. ಆಮೇಲೂ ಕೇಳಿದರೆ ಅದೇ ದಿನ ಕೊಡಿ.

ಸಂಖ್ಯೆಯ ವಿಷಯ ಎಸ್‌ಡಿಎಂಸಿಯವರಿಗೆ ಗೊತ್ತಿರಲಿ. ಆರ್‌ಟಿಇ ಅನುಸೂಚಿಯಲ್ಲಿ 1ರಿಂದ 5ಕ್ಕೆ 91ರಿಂದ 120 ಮಕ್ಕಳಿದ್ದರೆ 4 ಶಿಕ್ಷಕರು, 61ರಿಂದ 90 ಇದ್ದರೆ 3. ನಿಮ್ಮ 98ರಲ್ಲಿ 8 ಮಕ್ಕಳು ಹೋದರೆ ಒಂದು ಹುದ್ದೆಯೇ ಹೆಚ್ಚುವರಿ ಪಟ್ಟಿಗೆ ಸೇರಿ ಶಾಲೆಯ ಕೈತಪ್ಪುವ ಅಪಾಯವಿದೆ. ಇದನ್ನು ಸದಸ್ಯರು ಮನೆಮನೆಗೆ ಹೋಗಿ ನಿಧಾನವಾಗಿ ಹೇಳಲಿ. ಸಭೆಯಲ್ಲಿ ನೀವೇ ಹೇಳಿದರೆ ಬೆದರಿಕೆಯಂತೆ ಕೇಳಿಸುತ್ತದೆ.

ಗಣಿತವನ್ನು ಎರಡೂ ತರಗತಿಗೆ ಬೆಳಗಿನ ಮೊದಲ ಎರಡು ಅವಧಿಗೆ ತನ್ನಿ. ಬಿಇಒ ಕಚೇರಿಯ ಸಭೆಗಳಿಗೆ ಅದು ಮುಗಿಸಿಕೊಂಡೇ ಹೊರಡಬಹುದು. ವಿಜ್ಞಾನದ ಅವಧಿಗೆ ನೀವಿಲ್ಲದ ದಿನ ಯಾರು ಹೋಗಬೇಕು, ಯಾವ ಹಾಳೆ ಮಾಡಿಸಬೇಕು ಎಂದು ಶುಕ್ರವಾರವೇ ಬರೆದು ಸಿಬ್ಬಂದಿ ಕೊಠಡಿಯ ಗೋಡೆಗೆ ಅಂಟಿಸಿಡಿ.