ಮಾಡೆಲ್ ಮಳೆಯನ್ನು ಯಾವ ಡೇಟಾ ಜೊತೆ ಹೋಲಿಸಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಸಿಎಂಐಪಿ-6 (ಹಲವು ದೇಶಗಳ ಹವಾಮಾನ ಮಾಡೆಲ್‌ಗಳನ್ನು ಒಂದೇ ರೀತಿ ಓಡಿಸಿ ಹೋಲಿಸುವ ಯೋಜನೆ) ಮಾಡೆಲ್‌ಗಳು ಕರ್ನಾಟಕದ ಮುಂಗಾರನ್ನು ಎಷ್ಟು ಸರಿಯಾಗಿ ತೋರಿಸುತ್ತವೆ ಅಂತ ನೋಡುತ್ತಿದ್ದೇನೆ. ಹವಾಮಾನ ಇಲಾಖೆಯ ಗ್ರಿಡ್ ಡೇಟಾ (ನಕ್ಷೆಯನ್ನು ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ಕೊಟ್ಟ ಮಳೆ), ಇಆರ್‌ಎ5 (ಯುರೋಪಿನ ಹವಾಮಾನ ಕೇಂದ್ರದ ಡೇಟಾ), ಉಪಗ್ರಹದ ಐಮರ್ಗ್ (ನಾಸಾದ ಮಳೆ ಡೇಟಾ) ಮೂರನ್ನೂ ಇಳಿಸಿಕೊಂಡೆ. ಮೂರೂ ಘಟ್ಟದಲ್ಲಿ ಬೇರೆ ಬೇರೆ ಮಳೆ ಹೇಳುತ್ತಿವೆ. ಜೊತೆಗೆ 2002ರ ಬರ ಯಾವ ಮಾಡೆಲ್‌ನಲ್ಲೂ ಸಿಗುತ್ತಿಲ್ಲ. ಮಾಡೆಲ್‌ಗಳೇ ಸರಿಯಿಲ್ವಾ?

ಮಳೆಗಾಲ (ಉತ್ತರಿಸಿದವರು): 2002 ಸಿಗದಿರುವುದು ತಪ್ಪಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಿಸ್ಟಾರಿಕಲ್ ರನ್ (ಕಳೆದ ಕಾಲದ ಹವಾಮಾನವನ್ನು ಮಾಡೆಲ್ ಲೆಕ್ಕ ಹಾಕುವುದು) 1850ರಲ್ಲಿ ಶುರುವಾಗಿ ತನ್ನ ಪಾಡಿಗೆ ತಾನು ಓಡುತ್ತದೆ. ಹಸಿರುಮನೆ ಅನಿಲ, ಹೊಗೆಯ ಕಣ, ಜ್ವಾಲಾಮುಖಿ, ಸೂರ್ಯನ ಶಾಖ, ಇಂಥವನ್ನು ನಾವು ಕೊಡುತ್ತೇವೆ. ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸಬಹುದಾದದ್ದು) ಯಾವ ವರ್ಷ ಬರಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದರ 2002 ನಮ್ಮ 2002 ಅಲ್ಲ. ಹಾಗಾಗಿ ವರ್ಷಕ್ಕೆ ವರ್ಷ ಜೋಡಿಸಿ ಕೋರಿಲೇಷನ್ (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ತೆಗೆದರೆ ಏನೂ ಗೊತ್ತಾಗುವುದಿಲ್ಲ. 1985ರಿಂದ 2014ರವರೆಗಿನ ಸರಾಸರಿ ನೋಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಏರಿ ಇಳಿಯುವ ರೀತಿ ನೋಡಿ, ಅಷ್ಟು ವರ್ಷಗಳಲ್ಲಿ ಬರ ಎಷ್ಟು ಸಲ ಬರುತ್ತದೆ ನೋಡಿ. ನಿರ್ದಿಷ್ಟ ವರ್ಷವೇ ಬೇಕಿದ್ದರೆ ಎಎಂಐಪಿ ರನ್ ತಗೊಳ್ಳಿ. ಅದಕ್ಕೆ ಸಮುದ್ರದ ನಿಜವಾದ ತಾಪಮಾನ ಕೊಟ್ಟಿರುತ್ತಾರೆ. ಆಗಲೂ ಒಂದೇ ರನ್ ನಂಬಬೇಡಿ, ಸಿಕ್ಕಷ್ಟು ಮೆಂಬರ್ (ಅದೇ ಮಾಡೆಲ್‌ನ ಬೇರೆ ಬೇರೆ ರನ್) ಸೇರಿಸಿ.

ಘಟ್ಟದ ಕೆಳಗೆ: ಡೇಟಾ ಮೂರೂ ಹೊಂದದಿರುವುದಕ್ಕೆ ಕಾರಣ ಇದೆ. ಇಆರ್‌ಎ5ರಲ್ಲಿ ಇರುವ ಮಳೆ ಅಳೆದದ್ದಲ್ಲ. ಅಳತೆಗಳನ್ನು ತಿನ್ನಿಸಿದ ಒಂದು ಮಾಡೆಲ್ ಲೆಕ್ಕ ಹಾಕಿ ಕೊಟ್ಟದ್ದು. ಗಾಳಿ, ಒತ್ತಡಕ್ಕೆ ಅದು ಬಹಳ ಒಳ್ಳೆಯದು. ಮಳೆಗೆ ಅದನ್ನೇ ಸತ್ಯ ಅಂತ ಇಟ್ಟುಕೊಂಡರೆ ಒಂದು ಮಾಡೆಲ್‌ನಿಂದ ಇನ್ನೊಂದನ್ನು ಅಳೆದ ಹಾಗಾಗುತ್ತದೆ. ಐಮರ್ಗ್ 1998ರಿಂದ ಮಾತ್ರ ಇದೆ. ಘಟ್ಟದ ಮೇಲೆ ಮೋಡ ಜಾಸ್ತಿ ಎತ್ತರಕ್ಕೆ ಬೆಳೆಯದೆ ಧಾರಾಕಾರ ಸುರಿಯುತ್ತದಲ್ಲ, ಅಂಥ ಮಳೆ ಉಪಗ್ರಹಕ್ಕೆ ಕಡಿಮೆಯಾಗಿ ಕಾಣುತ್ತದೆ. ಇಲಾಖೆಯ ಡೇಟಾ ಮಳೆಮಾಪಕದ್ದು, 0.25 ಡಿಗ್ರಿ ಗ್ರಿಡ್ (ಒಂದು ಚೌಕ ಸುಮಾರು 27 ಕಿ.ಮೀ.), 1901ರಿಂದ ಸಿಗುತ್ತದೆ. ನಾನು ಮೊದಲು ಕೈಹಾಕುವುದು ಅದಕ್ಕೇ. ಆದರೆ ಮಾಪಕಗಳ ಸಂಖ್ಯೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಭಾರೀ ಮಳೆ ಹೆಚ್ಚಿತೇ, ಕಡಿಮೆಯಾಯಿತೇ ಎಂಬ ಟ್ರೆಂಡ್ ತೆಗೆಯುವಾಗ ಇದನ್ನು ಮರೆಯಬೇಡಿ.

ಮೂರರಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಎಸೆಯಬೇಡಿ. ಮೂರರ ನಡುವಿನ ಅಂತರವನ್ನೇ ಗ್ರಾಫಿನಲ್ಲಿ ಪಟ್ಟಿಯಾಗಿ ಬಿಡಿಸಿ. ಮಾಡೆಲ್ ಆ ಪಟ್ಟಿಯೊಳಗೇ ಇದ್ದರೆ ಅದು ತಪ್ಪು ಅಂತ ಹೇಳುವ ಆಧಾರ ನಿಮ್ಮ ಬಳಿ ಇಲ್ಲ.

ಇನ್ನೊಂದು. ಇಲಾಖೆಯ ಜುಲೈ 15ರ ಮಳೆ ಅಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಐಮರ್ಗ್‌ನ ದಿನ ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 5.30ಕ್ಕೆ ಶುರು. ಅಂದರೆ ಇಲಾಖೆಯ 15ಕ್ಕೆ ಐಮರ್ಗ್‌ನ 14 ಹತ್ತಿರ, 15 ಅಲ್ಲ. ತಿಂಗಳ ಮೊತ್ತದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಡೇಟಾಗಳನ್ನು ದಿನಕ್ಕೆ ದಿನ ಹೋಲಿಸಿದರೆ ಫಲಿತಾಂಶ ಪೂರ್ತಿ ಕೆಡುತ್ತದೆ.

ಬಯಲುಸೀಮೆ: ಆಗುಂಬೆಯ ಮಾಪಕದ ಅಂಕಿಯನ್ನು ನೇರ ಮಾಡೆಲ್ ಪಕ್ಕ ಇಡಬೇಡಿ. ಬಹಳಷ್ಟು ಸಿಎಂಐಪಿ-6 ಮಾಡೆಲ್‌ಗಳ ಒಂದು ಚೌಕ ಸುಮಾರು 100 ಕಿ.ಮೀ. ಅದರಲ್ಲಿ ಉಡುಪಿಯ ಕಡಲೂ ಆಗುಂಬೆಯ ಘಟ್ಟವೂ ಒಟ್ಟಿಗೆ ಬಂದುಬಿಡಬಹುದು. ಘಟ್ಟದ ಎತ್ತರವೇ ಮಾಡೆಲ್‌ನಲ್ಲಿ ತಗ್ಗಿರುತ್ತದೆ. ಹಾಗಾಗಿ ಇಲಾಖೆಯ ಡೇಟಾವನ್ನೇ ಮಾಡೆಲ್‌ನ ದೊಡ್ಡ ಚೌಕದ ಗ್ರಿಡ್ಡಿಗೆ ತನ್ನಿ, ಮಾಡೆಲನ್ನು ಚಿಕ್ಕ ಗ್ರಿಡ್ಡಿಗೆ ಇಳಿಸಬೇಡಿ. ಸಿಡಿಒ ಎಂಬ ಹವಾಮಾನ ಡೇಟಾ ಸಾಫ್ಟ್‌ವೇರಿನಲ್ಲಿ ಗ್ರಿಡ್ ಬದಲಿಸುವ ರೀಮ್ಯಾಪ್‌ಕಾನ್ ಬಳಸಿದರೆ ಒಟ್ಟು ಮಳೆ ಹಾಗೇ ಉಳಿಯುತ್ತದೆ. ಅಕ್ಕಪಕ್ಕದ ಬಿಂದುಗಳಿಂದ ಅಂದಾಜಿಸುವ ಬೈಲೀನಿಯರ್ ವಿಧಾನ ಮಳೆಗೆ ಬೇಡ. ಇಲಾಖೆಯ ಡೇಟಾ ನೆಲದ ಮೇಲೆ ಮಾತ್ರ ಇರುವುದರಿಂದ ಕರಾವಳಿಯ ಚೌಕಗಳನ್ನು ಬೇರೆಯಾಗಿ ಪರೀಕ್ಷಿಸಿ.

ಮೋಡದ ಹಿಂದೆ: ಎರಡು ಸಣ್ಣ ವಿಷಯ. ಮಾಡೆಲ್ ಮಳೆ ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ, 86400ರಿಂದ ಗುಣಿಸಿದರೆ ದಿನಕ್ಕೆ ಮಿ.ಮೀ. ಬ್ರಿಟನ್ನಿನ ಮಾಡೆಲ್ ಯುಕೆಇಎಸ್‌ಎಂನಲ್ಲಿ ವರ್ಷಕ್ಕೆ 360 ದಿನ, ಜುಲೈಗೂ 30 ದಿನವೇ.

ಮಾಡೆಲ್‌ನಲ್ಲಿ ಮಳೆ ಕಡಿಮೆ ಅಂತ ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಅರಬ್ಬೀ ಸಮುದ್ರದ ತಾಪಮಾನ ತೆಗೆದು ನೋಡಿ. ತುಂಬಾ ಮಾಡೆಲ್‌ಗಳಲ್ಲಿ ಅದು ಇರಬೇಕಾದ್ದಕ್ಕಿಂತ ತಂಪು, ಆವಿ ಕಡಿಮೆ ಏಳುತ್ತದೆ. 850 ಹೆಕ್ಟೊಪಾಸ್ಕಲ್ ಮಟ್ಟದ (ಸುಮಾರು ಒಂದೂವರೆ ಕಿ.ಮೀ. ಎತ್ತರದ) ಗಾಳಿಯನ್ನೂ ಇಆರ್‌ಎ5 ಜೊತೆ ಹೋಲಿಸಿ. ಮಳೆ ಸರಿಯಿದ್ದು ಗಾಳಿ ತಪ್ಪಿದ್ದರೆ ಆ ಮಾಡೆಲ್‌ಗೆ ನಾನು ಮೊದಲ ಸ್ಥಾನ ಕೊಡುವುದಿಲ್ಲ. ಯಾವ ಯಾವ ಮಾಡೆಲ್ ತಗೊಂಡಿದ್ದೀರಿ? ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನ ಮಾಡೆಲ್ ಐಐಟಿಎಂ-ಇಎಸ್‌ಎಂ ಇಲ್ಲದಿದ್ದರೆ ಅದನ್ನೂ ಸೇರಿಸಿ.